ಉಪ್ಪು ಅಳೆಯುವ ಯಂತ್ರ

ಉಪ್ಪುನೀರು ಅಳೆಯುವ ಆ ಯಂತ್ರವನ್ನು ಕಟ್ಟಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮೂರು ವರ್ಷದಲ್ಲಿ ಯಾರೂ ಇದನ್ನು ಹೇಳಲಿಲ್ಲ. ಹೇಳಿದ ಒಂದೇ ಒಂದು ಸಲ ಅದು ಕೆಟ್ಟು ನಿಂತಿತ್ತು.

ನನ್ನ ಹೆಸರು ನಂದಿನಿ. ಅಪ್ಪ ಮಾಸ್ತಿ ಆಗೇರ, ಸಮುದ್ರದ ನೀರು ಒಣಗಿಸಿ ಉಪ್ಪು ತೆಗೆಯುವ ಉಪ್ಪಿನಾಗರದಲ್ಲಿ ದುಡಿದು ಅಂಗಾಲು ಬಿರಿದೇ ಸತ್ತವನು. ಅವ್ವಿ ಸುಕ್ರಿಯೂ ಅಲ್ಲೇ ತಲೆಹೊರೆ ಹೊತ್ತವಳು. ನಾನು ಅಂಕೋಲೆಯಲ್ಲಿ ಐಟಿಐ ಓದಿದೆ, ಎಲೆಕ್ಟ್ರಾನಿಕ್ಸ್. ಇಡೀ ಬ್ಯಾಚಿಗೆ ಮೊದಲನೆಯವಳು. ಕಾರವಾರದ ಗುಡ್ಡದ ಮೇಲೊಂದು ವಿಶ್ವವಿದ್ಯಾಲಯವಿದೆ. ಅದರ ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ವಿಭಾಗದ ಸಂಶೋಧನಾ ಲ್ಯಾಬಿಗೆ ಟೆಕ್ನಿಷಿಯನ್ ಬೇಕೆಂದು ಏಜೆನ್ಸಿಯವರು ಕರೆದರು. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ಹೇಳಿದರೆ ವಕೀಲರ ನೋಟೀಸು ಬರುತ್ತದೆ. ನಿಜ ಹೇಳುವವರ ಹತ್ತಿರ ಪುರಾವೆ ಕೇಳುವುದು ಅವರಿಗೆ ಚೆನ್ನಾಗಿ ಗೊತ್ತು.

ಆದೇಶದಲ್ಲಿ ಟೆಕ್ನಿಷಿಯನ್ ಎಂದಿತ್ತು. ಹೋದ ದಿನವೇ ಕೈಗೆ ಕಸಬರಿಗೆ ಬಂತು.

ಬೆಳಿಗ್ಗೆ ಏಳಕ್ಕೆ ನನ್ನೂರು ಅವರ್ಸಾದಲ್ಲಿ ಬಸ್ಸು ಹತ್ತುತ್ತಿದ್ದೆ. ಲ್ಯಾಬಿನ ಬೀಗ ತೆಗೆದು, ನೆಲ ಗುಡಿಸಿ ಒರೆಸಿ, ಹಿಂದಿನ ದಿನದ ಚಹಾ ಕಪ್ಪುಗಳನ್ನು ತೊಳೆದಿಡುತ್ತಿದ್ದೆ. ಹತ್ತಕ್ಕೆ ಸಂಶೋಧಕರು ಬರುತ್ತಿದ್ದರು. ಆಮೇಲೆ ನನ್ನ ನಿಜವಾದ ಕೆಲಸ. ಸೋಲ್ಡರಿಂಗ್. ಸಾಸಿವೆ ಕಾಳಿಗಿಂತ ಸಣ್ಣ ಬಿಡಿಭಾಗಗಳನ್ನು ಚಿಮಟದಲ್ಲಿ ಹಿಡಿದು ಬೋರ್ಡಿನ ಮೇಲೆ ಕೂರಿಸಬೇಕು. ಹೊಗೆ ಕಣ್ಣಿಗೆ ಹೋಗುತ್ತದೆ. ಕತ್ತು ಹಿಡಿಯುತ್ತದೆ. ಕೈ ಒಂದು ಚೂರು ನಡುಗಿದರೆ ಬೋರ್ಡು ಹಾಳು. ನನ್ನ ಎಡಗೈಯಲ್ಲಿ ಸುಟ್ಟ ಕಲೆ ಇಲ್ಲದ ಬೆರಳಿಲ್ಲ. ಸಂಶೋಧಕರಿಗೆ ತಿರುಗುವ ಕುರ್ಚಿ. ನನಗೆ ಪ್ಲಾಸ್ಟಿಕ್ ಸ್ಟೂಲು.

ಸಂಶೋಧಕರು ಇಬ್ಬರು. ಪವನ್ ಎರಡು ಬೋರ್ಡು ಸುಟ್ಟ ಮೇಲೆ ಸೋಲ್ಡರಿಂಗ್ ತನ್ನಂಥವರ ಕೆಲಸವಲ್ಲ ಎಂದು ತೀರ್ಮಾನಿಸಿದವನು. ರೂಪಾಲಿ ಕಾರವಾರದ ಕೋಡಿಬಾಗದವಳು, ಕಂಪ್ಯೂಟರಿನ ಕೆಲಸ ಅವಳದು. ಒಳ್ಳೆಯವಳು. ನನ್ನ ಡಬ್ಬಿಯ ಮೀನು ಕೇಳಿ ತಿನ್ನುತ್ತಿದ್ದಳು. ಆದರೆ ಅವಳ ಒಳ್ಳೆಯತನ ಊಟದ ಹೊತ್ತು ದಾಟಿ ಬರಲಿಲ್ಲ.

ಇವರ ಮೇಲೆ ಪ್ರೊಫೆಸರ್ ಪರಮೇಶ್ವರ ಸರ್. ದನಿ ಏರಿಸಿ ಮಾತಾಡಿದವರಲ್ಲ. ಒಂದು ದಿನವೂ ನನ್ನನ್ನು ಬೈದವರಲ್ಲ. ಬೈದಿದ್ದರೆ ನನಗೆ ಬೇಗ ಸಿಟ್ಟು ಬರುತ್ತಿತ್ತು. ಮೂರು ವರ್ಷ ದಂಡವಾಗುತ್ತಿರಲಿಲ್ಲ.

ಯಂತ್ರ ಅಂದರೆ ಒಂದು ಮೊಳದ ಕೊಳವೆ. ಒಂದು ತುದಿಯಲ್ಲಿ ಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಎರಡು ಲೋಹದ ಕಡ್ಡಿ. ಅದನ್ನು ಗಜನಿಯಲ್ಲಿ, ಅಂದರೆ ಹೊಳೆಯಂಚಿನ ತಗ್ಗು ಗದ್ದೆಯಲ್ಲಿ, ಹುಗಿದರೆ ಕಡ್ಡಿಯಿಂದ ಕಡ್ಡಿಗೆ ನೀರಿನ ಮೂಲಕ ಕರೆಂಟು ಹರಿಯುತ್ತದೆ. ಉಪ್ಪು ಹೆಚ್ಚಿದಷ್ಟೂ ಕರೆಂಟು ಹೆಚ್ಚು. ಒಡ್ಡು ಒಡೆದು, ಸಮುದ್ರದಿಂದ ಹೊಳೆಗೆ ಏರಿ ಬಂದ ಉಪ್ಪುನೀರು ಗದ್ದೆಗೆ ನುಗ್ಗಿದ ಕೂಡಲೇ ಗದ್ದೆಯವನ ಫೋನಿಗೆ ಸುದ್ದಿ ಹೋಗುತ್ತದೆ. ಕೇಳಲು ಸುಲಭ. ಆದರೆ ಉಪ್ಪುನೀರಿನಲ್ಲಿ ಕಡ್ಡಿ ವಾರಕ್ಕೇ ಕೆಡುತ್ತಿತ್ತು. ಅದಕ್ಕೆ ತೆಳುವಾದ ಲೇಪ ಕೊಡುವುದನ್ನು ನಾನು ಕಲಿತೆ, ಹತ್ತೊಂಬತ್ತು ಸಲ ಕೆಡಿಸಿ ಇಪ್ಪತ್ತನೆಯ ಸಲಕ್ಕೆ. ಆ ಲೇಪಕ್ಕೆ ಬೆರಳು ತಾಗಬಾರದು. ಎಣ್ಣೆ ತಾಗಬಾರದು. ಬಟ್ಟೆಯಲ್ಲಿ ಒರೆಸಬಾರದು. ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಎತ್ತಬೇಕು, ಅಷ್ಟೇ.

ಯಂತ್ರ ಹೇಳುವುದು ಸರಿಯೆಂದು ಮೊದಲು ಒಪ್ಪಿದ್ದು ನನ್ನ ಅವ್ವಿಯ ನಾಲಿಗೆ. ಆಗರದ ನೀರು ಯಾವಾಗ ಉಪ್ಪು ಕಟ್ಟುತ್ತದೆಂದು ಅವಳು ಬೆರಳು ಅದ್ದಿ ನೆಕ್ಕಿ ಹೇಳುತ್ತಿದ್ದವಳು. ಐದು ಕಡೆಯ ನೀರು ತಂದು, ಬಾಟಲಿಗಳ ಮೇಲೆ ಏನೂ ಬರೆಯದೆ ಅವಳ ಮುಂದಿಟ್ಟೆ. ಒಂದೊಂದೇ ಹನಿ ನಾಲಿಗೆಗೆ ಹಾಕಿಕೊಂಡು ಕಡಿಮೆ ಉಪ್ಪಿನದರಿಂದ ಹೆಚ್ಚು ಉಪ್ಪಿನದಕ್ಕೆ ಸಾಲಾಗಿ ಜೋಡಿಸಿದಳು. ಯಂತ್ರವೂ ಅದೇ ಸಾಲು ಹೇಳಿತು. ಸರ್‌ಗೆ ಹೇಳಿದೆ. ಖುಷಿಪಟ್ಟು ಬರೆದುಕೊಂಡರು. ಅಚ್ಚಾದ ಪ್ರಬಂಧದಲ್ಲಿ ಅವ್ವಿ ‘ಸ್ಥಳೀಯ ಮೂಲ’ ಆಗಿದ್ದಳು. ನಾನು ಅದೂ ಆಗಿರಲಿಲ್ಲ.

ಈಗ ಆಯುಧ ಪೂಜೆಗೆ ಬರುತ್ತೇನೆ.

ನಮ್ಮ ಲ್ಯಾಬಿನಲ್ಲಿ ಪ್ರತಿ ವರ್ಷ ಆಯುಧ ಪೂಜೆ. ಹಿಂದಿನ ದಿನ ಲ್ಯಾಬು ತೊಳೆಯುವವಳು ನಾನು. ಮೇಜಿನ ಅಡಿಗೆ ನುಸುಳಿ ವೈರುಗಳ ನಡುವಿನ ಜೇಡರಬಲೆ ತೆಗೆಯಬೇಕು. ಉಪಕರಣಗಳ ಗುಂಡಿಯ ಸಂದಿಯಿಂದ ಕೊಳೆ ತೆಗೆಯಬೇಕು. ಬಾಗಿಲಿಗೆ ಮಾವಿನ ತೋರಣ ಕಟ್ಟುವವಳೂ ನಾನೇ. ಭಟ್ಟರ ಬೈಕು ಕೆಳಗೆ ನಿಂತ ಸದ್ದು ಕೇಳಿದ ಕೂಡಲೇ ಸರ್ ಮೆತ್ತಗೆ ಹೇಳುತ್ತಿದ್ದರು.

“ನಂದಿನಿ, ನೀನು ಸ್ವಲ್ಪ ಆಚೆ ಇರು. ಮುಗಿದ ಮೇಲೆ ಪ್ರಸಾದ ಕೊಡಿಸ್ತೇನೆ.”

ಮೊದಲ ವರ್ಷ, ಜಾಗ ಸಾಲದೆಂದು ಹೇಳಿದರೇನೋ ಅಂದುಕೊಂಡೆ. ಎರಡನೆಯ ವರ್ಷ ಗಾಜಿನ ಬಾಗಿಲಿನಿಂದ ನೋಡಿದೆ. ಒಳಗೆ ಅರ್ಧ ಕೋಣೆ ಖಾಲಿ ಇತ್ತು. ಬೇರೆ ವಿಭಾಗದ ಗುಮಾಸ್ತರೂ ಬಂದು ನಿಂತಿದ್ದರು. ನಾನು ಒರೆಸಿದ ನೆಲದ ಮೇಲೆ ನಿಲ್ಲಬಾರದವಳು ನಾನೊಬ್ಬಳೇ. ಆಗ ತಿಳಿಯಿತು, ಇದು ಜಾಗದ ಮಾತಲ್ಲ, ಜಾತಿಯ ಮಾತು. ತಿಳಿದ ಮೇಲೂ ಒಂದು ವರ್ಷ ಬಾಯಿ ಮುಚ್ಚಿಕೊಂಡು ಇದ್ದೆ. ಅದರ ನಾಚಿಕೆ ನನಗೆ ಈಗಲೂ ಇದೆ.

ಮೂರನೆಯ ವರ್ಷ, ಅಂದರೆ ಈ ವರ್ಷ, ಪೂಜೆಗೆ ನಡುವಿನ ಮೇಜಿನಲ್ಲಿ ನನ್ನ ಯಂತ್ರ. ಪೂಜೆಯಾದ ಎರಡನೆಯ ದಿನ ದಿಲ್ಲಿಯಿಂದ ಅನುದಾನದ ಸಮಿತಿ ಬರುವುದಿತ್ತು, ಅವರ್ಸಾದ ಗದ್ದೆಯಲ್ಲೇ ತೋರಿಸುವುದಿತ್ತು. ಆದ್ದರಿಂದ ಅದಕ್ಕೆ ವಿಶೇಷ ಪೂಜೆ. ನಾನು ಗಾಜಿನಾಚೆ ನಿಂತು ನೋಡುತ್ತಿದ್ದೆ. ಭಟ್ಟರು ಪೆಟ್ಟಿಗೆಗೆ ಗಂಧ ಹಚ್ಚಿದರು. ಸರಿ. ಕೊಳವೆಗೆ ಹೂವಿನ ಮಾಲೆ ಹಾಕಿದರು. ಸರಿ. ಆಮೇಲೆ ಪವನ್ ಕೊಳವೆಯನ್ನು ತಿರುಗಿಸಿ ಕಡ್ಡಿಗಳನ್ನು ಮುಂದೆ ಮಾಡಿದ. ಎರಡೂ ಕಡ್ಡಿಗೆ ಗಂಧ, ಅದರ ಮೇಲೆ ಕುಂಕುಮ. ಸಂದಿಗೆ ಒಂದು ದಾಸವಾಳ ಸಿಕ್ಕಿಸಿದರು. ಕಾಯಿ ಒಡೆದು ನೀರನ್ನು ಅದರ ಮೇಲೆಯೇ ಬಿಟ್ಟರು.

ನಾನು ಬಾಗಿಲು ತಳ್ಳಿದೆ. ಒಂದು ಕಾಲು ಒಳಗಿಟ್ಟೆ.

“ಸರ್, ಆ ಕಡ್ಡಿಗೆ ಎಂತದೂ ಹಚ್ಚೂದು ಬ್ಯಾಡ. ಲೇಪ ಹೋಗ್ತದೆ.”

ಭಟ್ಟರ ಮಂತ್ರ ನಿಂತಿತು. ಎಲ್ಲರೂ ನನ್ನ ಕಾಲು ನೋಡಿದರು. ಮುಖ ಯಾರೂ ನೋಡಲಿಲ್ಲ.

“ದೇವರ ಕೆಲಸದ ನಡುವೆ ಮಾತು ಬೇಡ ನಂದಿನಿ,” ಎಂದರು ಸರ್. “ಆಚೆ ಇರು.”

ಕಾಲು ಹಿಂದಕ್ಕೆ ತೆಗೆದುಕೊಂಡೆ. ಪೂಜೆ ಮುಗಿದ ಮೇಲೆ ಪವನ್ ಪ್ರಸಾದ ತಂದ. ಕಾಗದದ ಪೊಟ್ಟಣವನ್ನು ಗೇಣೆತ್ತರದಿಂದ ನನ್ನ ಕೈಗೆ ಬೀಳಿಸಿದ. ನಾನು ಅದನ್ನು ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಸರ್ ಹತ್ತಿರ ಹೋದೆ.

“ಸರ್, ಈಗ್ಲೇ ತೊಳೀಬೇಕು. ಒಣಗಿದ್ರೆ ಆ ಸಂದಿಯಿಂದ ಸುಲಭಕ್ಕೆ ಬಿಡೂದಿಲ್ಲ.”

“ಪೂಜೆಗೆ ಇಟ್ಟಿದ್ದು ಮಾರಾಯ್ತಿ. ವಿಜಯದಶಮಿ ಕಳೀದೆ ಎತ್ತೋ ಹಾಗಿಲ್ಲ. ನಾಡಿದ್ದು ಬೆಳಿಗ್ಗೆ ಪವನ್ ಎತ್ತುತ್ತಾನೆ. ನೀನು ಮುಟ್ಟಬೇಡ.”

ವಿದ್ಯುತ್ತಿನ ಬಗ್ಗೆ ಪುಸ್ತಕ ಬರೆದವರು ಈ ಮಾತು ಹೇಳಿದರು. ಸಂದಿಯಲ್ಲಿ ಅಂಟಿ ನಿಂತ ಕಾಯಿನೀರು, ಕುಂಕುಮದಲ್ಲೂ ಕರೆಂಟು ಹರಿಯುತ್ತದೆಂದು, ಆಗ ಯಾವ ನೀರೂ ಯಂತ್ರಕ್ಕೆ ಉಪ್ಪುನೀರೇ ಎಂದು ಅವರಿಗೆ ನಾನು ಕಲಿಸಬೇಕಾಗಿರಲಿಲ್ಲ.

ಹೇಳಿದ ಹಾಗೆ ಎರಡನೆಯ ದಿನ ಬೆಳಿಗ್ಗೆ ಪವನ್ ಎತ್ತಿದ. ಜೇಬಿನಿಂದ ಕರ್ಚೀಫು ತೆಗೆದು ಕಡ್ಡಿಗಳನ್ನು ಒರೆಸಿದ. ಕರ್ಚೀಫಿನಿಂದ! “ತೊಳೆದು ಕೊಡ್ತೆ, ಕೊಡಿ,” ಅಂದೆ. “ಕ್ಲೀನ್ ಆಯ್ತಲ್ಲ,” ಅಂದ. ಜೀಪು ಹೊರಟಿತು. ಬ್ಯಾಟರಿ, ಬಕೆಟ್ಟು, ಕುಡಿಯುವ ನೀರಿನ ಕ್ಯಾನುಗಳ ಜೊತೆ ನಾನು ಹಿಂದೆ ಕೂತೆ.

ಅವರ್ಸಾದ ಗಜನಿ ಬದಿಯಲ್ಲಿ ನಮ್ಮ ಕೇರಿಯವರೆಲ್ಲ ಸೇರಿದ್ದರು. ಅವ್ವಿ ಒಗೆದ ಸೀರೆ ಉಟ್ಟು ಮುಂದೆ ನಿಂತಿದ್ದಳು. ಒಂದು ಬಕೆಟ್ಟಿನಲ್ಲಿ ಹೊಳೆಯ ಉಪ್ಪುನೀರು, ಇನ್ನೊಂದರಲ್ಲಿ ನಮ್ಮ ಬಾವಿಯ ನೀರು. ಸರ್ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿ ಯಂತ್ರವನ್ನು ಬಾವಿನೀರಿಗೆ ಇಳಿಸಿದರು. ಗದ್ದೆಯವರ ಹತ್ತಾರು ಫೋನುಗಳು ಒಮ್ಮೆಲೇ ಕೂಗಿದವು. ‘ಉಪ್ಪುನೀರು ನುಗ್ಗಿದೆ. ಎಚ್ಚರಿಕೆ.’

“ಇದು ನಾವ್ ಕುಡಿಯೂ ನೀರು ಮಾರಾಯ್ರಾ,” ಎಂದ ನಮ್ಮ ಕೇರಿಯ ರಾಮನಾಥಣ್ಣ. ಎಲ್ಲರೂ ನಕ್ಕರು. ಸರ್ ಯಂತ್ರವನ್ನು ಉಪ್ಪುನೀರಿಗೆ ಹಾಕಿದರು. ಅದೇ ಸಂಖ್ಯೆ. ಮತ್ತೆ ಬಾವಿನೀರಿಗೆ ಹಾಕಿದರು. ಅದೇ ಸಂಖ್ಯೆ. ಸಮಿತಿಯ ಮುಖ್ಯಸ್ಥೆ, ನೆರೆತ ಕೂದಲಿನ ಹೆಂಗಸು, ಕನ್ನಡಕ ತೆಗೆದು ಕೇಳಿದರು. ಇದನ್ನು ಕಟ್ಟಿದವರು ಯಾರು?

ಸರ್ ಬೆರಳು ತೋರಿಸಿದರು. ನನ್ನ ಕಡೆ. ಕಟ್ಟಿದ್ದು ಇವಳು, ನಮ್ಮ ಅಟೆಂಡರು, ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಅವ್ವಿಗೆ ಇಂಗ್ಲಿಷು ಬರುವುದಿಲ್ಲ. ಇಷ್ಟು ದೊಡ್ಡವರ ನಡುವೆ ಪ್ರೊಫೆಸರು ತನ್ನ ಮಗಳನ್ನು ತೋರಿಸಿ ಏನೋ ಹೇಳಿದ್ದು ಮಾತ್ರ ಕಂಡಿತು. ಅವಳ ಮುಖ ಅರಳಿತು. ಸರ್ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿದಳು. ನನಗೆ ಈ ಇಡೀ ಕಥೆಯಲ್ಲಿ ಮರೆಯಲಾಗದ್ದು ಅದೊಂದೇ. ಉಳಿದ ಎಲ್ಲವನ್ನೂ ನಾನು ಕ್ಷಮಿಸಿಯೇನು. ಆ ನಮಸ್ಕಾರವನ್ನು ಅವರು ತಲೆಯಾಡಿಸಿ ಸ್ವೀಕರಿಸಿದ್ದನ್ನು ಕ್ಷಮಿಸುವುದಿಲ್ಲ.

ಮರುದಿನ ಲ್ಯಾಬಿನಲ್ಲಿ ಸರ್ ನನ್ನನ್ನು ಕರೆದು, ಮೊದಲ ಸಲ, ಕುರ್ಚಿ ತೋರಿಸಿದರು. ಪವನ್, ರೂಪಾಲಿ ಅಲ್ಲೇ ಇದ್ದರು. ಟೈಪು ಮಾಡಿದ ಕಾಗದವನ್ನು ನನ್ನ ಮುಂದೆ ಸರಿಸಿದರು. ‘ಪ್ರಯೋಗಾಲಯದ ಅಟೆಂಡರ್ ಆದ ನಂದಿನಿ ಮಾಸ್ತಿ ಆಗೇರ ಎಂಬ ನಾನು, ಮೇಲಧಿಕಾರಿಗಳ ಸೂಚನೆಯನ್ನು ಮೀರಿ, ಪೂಜೆಗೆ ಇಟ್ಟಿದ್ದ ಉಪಕರಣವನ್ನು ಮುಟ್ಟಿದ್ದರಿಂದ ಅದು ಕೆಟ್ಟಿರುತ್ತದೆ.’ ಕೆಳಗೆ ಸಹಿಗೆ ಜಾಗ.

ಎರಡು ಸಲ ಓದಿದೆ. ಎದ್ದು ಹೋಗಿ ಅವರ ಮೇಜಿನ ಮೇಲಿದ್ದ ಕುಡಿಯುವ ನೀರಿನ ಗಾಜಿನ ಲೋಟ ತಂದೆ. ಪಕ್ಕದ ಮೇಜಿನಲ್ಲಿದ್ದ ಯಂತ್ರದ ಕಡ್ಡಿಗಳನ್ನು ಅದರಲ್ಲಿ ಇಳಿಸಿದೆ. ಸ್ವಲ್ಪ ಹೊತ್ತಿಗೆ ಕಡ್ಡಿಗಳ ಬುಡದಿಂದ ಕೆಂಪು ಬಿಡತೊಡಗಿತು. ಎಳೆ ಎಳೆಯಾಗಿ ಇಳಿದು ಲೋಟದ ತಳದಲ್ಲಿ ನಿಂತಿತು. ದಾಸವಾಳದ ಒಂದು ಒಣ ಚೂರೂ ಮೇಲೆ ತೇಲಿತು.

“ಈ ಕುಂಕುಮ ನಾ ಹಚ್ಚಿದ್ದಲ್ಲ ಸರ್.”

ಅವರು ಲೋಟ ನೋಡಿದರು. ಸುಳ್ಳೆಂದು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

“ನಂಗೂ ಗೊತ್ತು ನಂದಿನಿ,” ಎಂದರು ಮೆತ್ತಗೆ. “ಆದ್ರೆ ಪೂಜೆ ಮಾಡಿ ಯಂತ್ರ ಕೆಡಿಸಿದ್ವಿ ಅಂತ ದಿಲ್ಲಿಗೆ ಬರೀಲಾ? ನಗ್ತಾರೆ. ನನ್ನ ಹೆಸರಿದೆ, ವಿಭಾಗದ ಹೆಸರಿದೆ, ಇವರಿಬ್ಬರ ಪಿಎಚ್‌ಡಿ ಇದೆ. ನಿನ್ನ ಹೆಸರು ಅಲ್ಲಿ ಯಾರಿಗೆ ಗೊತ್ತು? ನಿಂಗೆ ಎಂತ ನಷ್ಟ?”

ನಾನು ರೂಪಾಲಿಯನ್ನು ನೋಡಿದೆ. ಅವಳು ಲೋಟದ ಕೆಂಪನ್ನು ನೋಡುತ್ತಿದ್ದಳು.

“ರೂಪಾಲಿ, ನೀನೂ ಅವತ್ತು ಇಲ್ಲೇ ಇದ್ದೆ.”

“ಇನ್ನೊಂದೇ ವರ್ಷ ನಂದಿನಿ,” ಎಂದಳು ತಲೆ ತಗ್ಗಿಸಿ. “ನಂಗೆ ಪಿಎಚ್‌ಡಿ ಮುಗೀಬೇಕು.”

ಪವನ್ ಪೆನ್ನು ತೆಗೆದು ನನ್ನ ಕಡೆ ಚಾಚಿದ. ಈ ಸಲ ಮೇಲಿಂದ ಬೀಳಿಸಲಿಲ್ಲ. ಕೈಗೇ ಕೊಡಲು ಬಂದ.

ಮೂರು ವರ್ಷದಿಂದ ಆ ಯಂತ್ರದ ಒಂದೊಂದು ತಂತಿಯನ್ನೂ ಮುಟ್ಟಿದ್ದೇನೆ. ಅವರು ಕೂತ ಕುರ್ಚಿ ಒರೆಸಿದ್ದೇನೆ, ಕುಡಿದ ಕಪ್ಪು ತೊಳೆದಿದ್ದೇನೆ, ನೀರು ಹೋಗದೆ ಕಟ್ಟಿದ ಮೂತ್ರಾಲಯದ ಕೊಳವೆಯನ್ನೂ ಒಂದು ಸಲ ಕೈ ಹಾಕಿ ಬಿಡಿಸಿದ್ದೇನೆ. ಅದಕ್ಕೆಲ್ಲ ನನ್ನ ಕೈ ಆಗುತ್ತಿತ್ತು. ಪೂಜೆಯ ಎರಡೇ ದಿನ ಆಗಲಿಲ್ಲ. ಆ ಎರಡು ದಿನ ಮುಟ್ಟಿದ್ದೇನೆಂದು ನನ್ನಿಂದಲೇ ಬರೆಸಿಕೊಳ್ಳಬೇಕು ಇವರಿಗೆ. ಅವನ ಕೈಯಿಂದ ಪೆನ್ನು ತೆಗೆದು ಕಾಗದದ ಪಕ್ಕಕ್ಕೆ ಅಲುಗದ ಹಾಗೆ ಇಟ್ಟೆ. ಸೋಲ್ಡರಿಂಗ್ ಮಾಡುವ ಕೈ.

“ಆಗೂದಿಲ್ಲ ಸರ್,” ಅಂದೆ. “ಮುಟ್ಟೂಕೆ ಬಿಟ್ಟಿದ್ರೆ ನಿಮ್ಮ ಯಂತ್ರ ಕೆಡ್ತಿರ್ಲಿಲ್ಲ. ಅದ್ನ ಬರೀರಿ, ಸಹಿ ಹಾಕ್ತೆ.”

“ಯೋಚನೆ ಮಾಡು. ಕೆಲಸದ ಪ್ರಶ್ನೆ.”

“ಯೋಚ್ನೆ ಮಾಡಿಯೇ ಹೇಳಿದ್ದು.”

ಚೀಲ ತೆಗೆದುಕೊಂಡು ಹೊರಗೆ ಬಂದೆ. ಲೋಟ ಅಲ್ಲೇ ಬಿಟ್ಟೆ. ತೊಳೆಯಲಿಲ್ಲ.

ಮನೆಗೆ ಬಂದು ಅವ್ವಿಗೆ ಎಲ್ಲ ಹೇಳಿದೆ. ಬೆರಳು ತೋರಿಸಿದ್ದು ಯಾಕೆಂದೂ ಹೇಳಿದೆ. ಹೇಳುವಾಗ ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ತನ್ನ ಎರಡು ಕೈಗಳನ್ನು ನೋಡಿದಳು.

“ನಾ ಅವ್ರಿಗೆ ಕೈ ಮುಗ್ದೆನಲ್ಲೇ,” ಎಂದಳು.

“ನಿಂಗೆ ಗೊತ್ತಿರ್ಲಿಲ್ಲ ಅವ್ವಿ.”

“ಅವ್ರಿಗೆ ಗೊತ್ತಿತ್ತಲ್ಲೇ.”

ಎರಡು ದಿನ ಬಿಟ್ಟು ಏಜೆನ್ಸಿಯ ಮಧುಕರ ಫೋನು ಮಾಡಿದ. ನಾಳೆಯಿಂದ ಬರುವುದು ಬೇಡ ಎಂದ. ಕಾರಣ ಕೇಳಿದೆ. “ಮೇಲಿಂದ ಹೇಳಿದ್ದು, ನಂಗೆಂತ ಗೊತ್ತು,” ಎಂದ. ನಾನು ಕೇರಿಯ ಹೆಂಗಸರ ಜೊತೆ ಗದ್ದೆ ಕೊಯ್ಲಿಗೆ ಹೋದೆ. ನಡು ಮುರಿಯುವ ಕೆಲಸ, ಆದರೆ ಅಲ್ಲಿ ಯಾರೂ ಆಚೆ ನಿಲ್ಲೆಂದು ಹೇಳಲಿಲ್ಲ.

ಕೊಯ್ಲು ಮುಗಿಯುವ ಹೊತ್ತಿಗೆ, ಒಂದು ಭಾನುವಾರ ಮಧ್ಯಾಹ್ನ ಸರ್ ಅವರ ಕಾರು ನಮ್ಮ ಕೇರಿಯ ಬಾಯಿಗೆ ಬಂದು ನಿಂತಿತು. ಹೆಗಲಲ್ಲಿ ಯಂತ್ರದ ಕಪ್ಪು ಚೀಲ ಹಾಕಿಕೊಂಡು ಅವರೇ ನಡೆದು ಬಂದರು. ಅವ್ವಿ ಅಂಗಳದಲ್ಲಿ ಚಾಪೆ ಹಾಸಿದಳು. ಅವರು ಕೂರಲಿಲ್ಲ.

“ಪವನ್ ಆ ಕಡ್ಡಿಗಳನ್ನ ಪಾಲಿಶ್ ಪೇಪರಲ್ಲಿ ತಿಕ್ಕಿಬಿಟ್ಟಿದ್ದಾನೆ,” ಎಂದರು. “ಲೇಪ ಪೂರ್ತಿ ಹೋಗಿದೆ. ಎಷ್ಟು ಮಾಡಿದ್ರೂ ಕೂರ್ತಾ ಇಲ್ಲ. ನಾಳೆ ಮಧ್ಯಾಹ್ನ ಸಮಿತಿ ಮತ್ತೆ ಲ್ಯಾಬಿಗೇ ಬರ್ತದೆ, ಕೊನೇ ಅವಕಾಶ. ಇದಕ್ಕೆ ಬೇಕಾದ್ದೆಲ್ಲ ಚೀಲದಲ್ಲೇ ಇಟ್ಟಿದ್ದೇನೆ. ನೀನು ಲ್ಯಾಬಿಗೆ ಬರೋದೇನೂ ಬೇಡ, ಇಲ್ಲೇ ಕೂತು ಮಾಡಿಕೊಡು.”

ಅವರು ಜೇಬಿನಿಂದ ಮಡಿಸಿದ ಕಾಗದ ತೆಗೆದರು.

“ಆ ಕಾಗದವೂ ಇದೆ. ಅಟೆಂಡರಿನ ತಪ್ಪು ಅಂತ ಬರೆದು ಕಳಿಸಿದ್ದೆ, ಅವಳ ಸಹಿ ಎಲ್ಲಿ ಅಂತ ಸಮಿತಿಯವರು ಕೇಳಿದ್ದಾರೆ. ಅದೊಂದು ಆಗಿಬಿಟ್ರೆ ಒಂದನೇ ತಾರೀಖಿಂದ ಕೆಲಸಕ್ಕೆ ಬಾ. ಮುಂದಿನ ಪ್ರಬಂಧದ ಕೊನೆಯಲ್ಲಿ, ಕೃತಜ್ಞತೆಯಲ್ಲಿ, ನಿನ್ನ ಹೆಸರು ಹಾಕಿಸ್ತೇನೆ. ನಾನೇ ಬರೀತೇನೆ.”

ಆಸೆಯಾಗಲಿಲ್ಲವೆಂದು ಹೇಳುವುದಿಲ್ಲ. ಅಚ್ಚಿನಲ್ಲಿ ನನ್ನ ಹೆಸರು, ಕೊನೆಯ ಪುಟದಲ್ಲಾದರೂ, ನೋಡಬೇಕೆಂದು ಎಷ್ಟು ದಿನ ಅಂದುಕೊಂಡಿದ್ದೆ. ಚೀಲದೊಳಗೆ ನನ್ನ ಯಂತ್ರವಿತ್ತು. ತಿಕ್ಕಿಸಿಕೊಂಡು ಬಂದಿತ್ತು ಪಾಪ. ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಹಿಂದಕ್ಕೆ ಕಟ್ಟಿಕೊಂಡೆ.

“ಒಂದ್ ಕಾಗದ ನೀವೂ ಬರೀರಿ ಸರ್. ಕಟ್ಟಿದ್ದು ನಂದಿನಿ, ಕೆಡ್ಸಿದ್ದು ನಾವು ಅಂತ. ಅಷ್ಟ್ ಬರೀರಿ, ಈಗ್ಲೇ ಕೂತು ಮಾಡಿಕೊಡ್ತೆ.”

ಅವರ ಮುಖ ಮೊದಲ ಸಲ ಬಿಗಿಯಿತು. “ಹಟ ಮಾಡಬೇಡ. ಒಂದು ಸಹಿ ಅಷ್ಟೇ. ಬೆಳಿಗ್ಗೆ ಒಂಬತ್ತಕ್ಕೆ ಪವನ್ ಬಂದು ತಗೊಂಡು ಹೋಗ್ತಾನೆ.” ಚೀಲವನ್ನೂ ಕಾಗದವನ್ನೂ ಚಾಪೆಯ ಮೇಲೆ ಇಟ್ಟು ಹೊರಟುಹೋದರು.

ಅವ್ವಿ ಕಾಗದ ಎತ್ತಿ ನನ್ನ ಕೈಗೆ ಕೊಟ್ಟು ಓದಲು ಹೇಳಿದಳು. ಓದಿದೆ.

“ನಿನ್ ಹೆಸ್ರು ಎಷ್ಟ್ ಸಲ ಬರ್ದಾರೆ?”

“ಮೂರು. ಮೇಲೆ, ನಡುವೆ, ಸಹಿ ಕೆಳ್ಗೆ.”

“ಕೆಲ್ಸ ಮಾಡೂವಾಗ ಒಂದ್ ಸಲ ಬರಿಯೂಕೆ ಆಗ್ಲಿಲ್ಲ ಇವ್ರಿಗೆ,” ಎಂದಳು. “ನೀ ಎಂತ ಮಾಡ್ತೆ ಈಗ?”

“ಕಳಿಸ್ತೆ.”

“ಸರಿ ಮಾಡಿಯೋ?”

“ಇಲ್ಲ, ಮುಟ್ಟದೆಯೇ.”

ಸೋಮವಾರ ಬೆಳಿಗ್ಗೆ ಏಳಕ್ಕೆ, ಪವನ್ ಬರುವ ಮೊದಲೇ, ನಾನು ರಸ್ತೆಗೆ ಹೋದೆ. ಚೀಲದ ಜಿಪ್ಪು ತೆಗೆದಿರಲಿಲ್ಲ. 

ನಾನು ಮೂರು ವರ್ಷ ಹತ್ತಿದ ಬಸ್ಸೇ ಬಂತು, ಕಂಡಕ್ಟರೂ ಅವನೇ. ಈ ದಾರಿಯಲ್ಲಿ ಮೀನು, ಮಲ್ಲಿಗೆ, ಔಷಧಿ ಎಲ್ಲವೂ ಬಸ್ಸಿನವರ ಕೈಯಲ್ಲೇ ಹೋಗುತ್ತವೆ. ಚೀಲ ಕೊಟ್ಟೆ.

“ಗುಡ್ಡದ ಗೇಟಲ್ಲಿ ವಾಚ್‌ಮನ್‌ಗೆ ಕೊಡು ಅಣ್ಣ. ದಿಲ್ಲಿಯಿಂದ ಬರೂ ಮೇಡಂಗೆ ಅಂತ ಹೇಳು. ಅವ್ರ ಕೈಗೇ.”

“ನೀ ಬರೂದಿಲ್ವೆ?”

“ಇಲ್ಲ.”

ಚೀಲದ ಹಿಡಿಕೆಗೆ ಸರ್ ಬಿಟ್ಟುಹೋದ ಕಾಗದವನ್ನು ತಿರುಗಿಸಿ ಕಟ್ಟಿದ್ದೆ. ಅದರ ಖಾಲಿ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ನನಗೆ ಬಂದಷ್ಟು ಇಂಗ್ಲಿಷಿನಲ್ಲೂ ಬರೆದಿದ್ದೆ. ‘ಈ ಯಂತ್ರ ಕಟ್ಟಿದವಳು ನಾನು. ಪೂಜೆಯ ದಿನ ಮುಟ್ಟಲು ಬಿಡಲಿಲ್ಲ. ಇವತ್ತು ನಾನೇ ಮುಟ್ಟಿಲ್ಲ. ನಾನು ಮುಟ್ಟದಿದ್ದರೆ ಇದು ಹೇಗಿರುತ್ತದೆ ಎಂದು ನೀವೇ ನೋಡಿ.’

ಸರ್‌ಗೆ ನನ್ನ ಸಹಿ ಬೇಕಿತ್ತು. ನಾನು ಬರೆದದ್ದರ ಕೆಳಗೆ ಹಾಕಿದ್ದೇನೆ, ಪೂರ್ತಿ ಹೆಸರು ಬರೆದು.